ಪೂನಮಳ ಕೋಣೆಗೆ ಬಣ್ಣ

"ಎರಡೂ ಒಂದ ಅದಾವ. ಇಷ್ಟ್ಯಾಕ ಗಡಿಬಿಡಿ?" ಎಂದಳು ಗಂಗಾದೇವಿ, ವಾರದಿಂದ ಹೇಳಿದ್ದನ್ನೇ ಮತ್ತೊಮ್ಮೆ.

ಅನಗೋಳದ ಆ ಮನೆಯ ಹಿಂದಿನ ಕೋಣೆಯ ಗೋಡೆಯ ಮೇಲೆ ಎರಡು ಪಟ್ಟೆ. ಒಂದು ಹಾಲಿನ ಕೆನೆಯದು, ಇನ್ನೊಂದು ಅದೇ ಕೆನೆಗೆ ಎಳೆ ಹಸಿರಿನ ಗಾಳಿ ತಾಕಿದಂಥದ್ದು. ಪೇಂಟರ್ ಸಾದಿಕ ದಿನಾ ಬಂದು, ಚಹಾ ಕುಡಿದು, ಒಣ ಬ್ರಷ್ಷಿನೊಂದಿಗೇ ಹಿಂದಿರುಗುತ್ತಿದ್ದ. ಬಣ್ಣ ಹೊಡೆಸುವ ಹಟ ಸೊಸೆ ದಾನೇಶ್ವರಿಯದು. ಖಾನಾಪುರದಲ್ಲಿ ಗಂಡ ಕೈಯೆತ್ತಿದ ಮೇಲೆ ಚೀಲ ಹಿಡಿದು ಬಂದುಬಿಟ್ಟ ನಾದಿನಿ ಪೂನಮಳಿಗಾಗಿ ಆ ಕೋಣೆ. ನಾದಿನಿಗಾಗಿ ಹಟ ಹಿಡಿಯುವ ಸೊಸೆಯನ್ನು ಓಣಿ ಕಂಡಿರಲಿಲ್ಲ. ಅದರ ಬಗ್ಗೆಯೂ ಮಾತಾಡಿತು. ಗಂಗಾದೇವಿಗೆ ಕಷ್ಟವಾದದ್ದು ಬಣ್ಣವಲ್ಲ. ಗೋಡೆಗೆ ಬಣ್ಣ ಬಿದ್ದರೆ ಮಗಳಿನ್ನು ಗಂಡನ ಮನೆಗೆ ಹೋಗುವುದಿಲ್ಲವೆಂದು ತಾನೇ ಸಾರಿದ ಹಾಗೆ... ಹೆತ್ತ ಕರುಳು ಇರುಳು ಅತ್ತು, ಹಗಲು ಎರಡೂ ಒಂದೇ ಎನ್ನುತ್ತಿತ್ತು.

"ಅತ್ತಿ, ಅಂಗಡ್ಯಾಗ ತೊಗರಿಬ್ಯಾಳಿ ಬಣ್ಣ ನೋಡಿ ಹೋದ ವರ್ಷದ್ದು ಅಂತ ತಿರುಗಿ ಕೊಡತೀರಿ. ಇದಷ್ಟ ಕಾಣವಲ್ದೇನು?" ಎಂದಳು ದಾನೇಶ್ವರಿ.

ಅಷ್ಟರಲ್ಲಿ ಖಾನಾಪುರದಿಂದ ಬೀಗತಿ ಭೀಮಕ್ಕನೇ ಬಂದಳು. ಕೋಣೆಯ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತಳು.

"ಗಂಡಸರ ಸಿಟ್ಟು, ಒಂದೇಟು ಹಾಕ್ಯಾನ. ಅದೇನು ಮನಿ ಬಿಡೂ ಮಾತೇನ್ರಿ? ಕರ್ಕೊಂಡು ಹೋಗಾಕ ಬಂದೀನಿ." ಗೋಡೆ ನೋಡಿ ನಕ್ಕಳು. "ಎರಡೂ ಒಂದ ಅದಾವಲ್ರಿ. ಇಷ್ಟ್ಯಾಕ ಗಡಿಬಿಡಿ?"

ತನ್ನ ಮಾತು ಬೀಗತಿಯ ಬಾಯಿಂದ ಬಂದಾಗ ಗಂಗಾದೇವಿಗೆ ಅದು ಎಂಥ ಮಾತೆಂದು ಕೇಳಿಸಿತು. ಬಾಗಿಲಿಗೆ ಒರಗಿದ ಮಗಳು ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡದ್ದೂ ಕಂಡಿತು.

"ಒಂದ ಅಲ್ರಿ, ಬೀಗತಿಯವರ. ಕಣ್ಣಿದ್ದವರಿಗೆ ಕಾಣ್ತದ." ಆಮೇಲೆ, ವಾರದಿಂದ ಯಾರೂ ಕೇಳದೇ ಇದ್ದವಳನ್ನು ಕೇಳಿದಳು. "ಪೂನಮ, ನಿನ್ನ ಕೋಣಿ. ಯಾವುದು ಹೊಡಸೂಣು?"

"ನಾನ... ಹೇಳ್ಲೇನವ್ವಾ?"

"ಮಲಗಾಕಿ ನೀನಲ್ಲ?"

ಪೂನಮ ಕಣ್ಣೊರೆಸಿಕೊಂಡು ಗೋಡೆಯ ಹತ್ತಿರ ಹೋದಳು. ಯಾರ ಮುಖವನ್ನೂ ನೋಡದೆ ಬೆರಳಿಟ್ಟಳು. "ಹಸರ ಅನಸ್ತದಲ್ಲ, ಅದು."

"ಸಾದಿಕ, ಡಬ್ಬಿ ಬಿಚ್ಚಪಾ. ಎರಡು ಕೈ ಹೊಡಿ, ಬಾಳ ವರ್ಷ ಬರಬೇಕು." ಗಂಗಾದೇವಿ ಬೀಗತಿಯತ್ತ ತಿರುಗಿದಳು, ತುಂಬ ಮರ್ಯಾದೆಯಿಂದ. "ಕುರ್ಚಿ ಹೊರಗ ತಗೊಳ್ರಿ, ಭೀಮಕ್ಕಾರ. ಸೀರಿಗೆ ಬಣ್ಣ ಸಿಡೀತದ."