ಗಂಟು ಬಿಚ್ಚದ ಫೈಲು

“ಈ ಗುಂಡಿ ಹಾಕಿಕೊಡೋರು ಯಾರಾದ್ರೂ ಇದೀರೇನಪ್ಪಾ?”

ಬೀಗದವನು ಕೇಳಿದ್ದು ಖಾಲಿ ಕೋಣೆಯನ್ನು. ಎಡಗೈಯೊಂದರಲ್ಲೇ ಅಂಗಿಯ ಗುಂಡಿಗಳ ಜೊತೆ ಗುದ್ದಾಡಿ, ಕೊನೆಯದನ್ನು ಹಾಗೇ ಬಿಟ್ಟು ಕೂತ.

ಮೂರು ವರ್ಷದ ಕೆಳಗೆ, ಬೀಗ ತೆಗೆಯುತ್ತಿದ್ದ ತಿಜೋರಿಯ ಬಾಗಿಲು ಕಳಚಿ ಅವನ ಬಲ ಮೊಣಕೈ ಮೇಲೆ ಬಿದ್ದಿತ್ತು. ಮೂಳೆ ಡಾಕ್ಟರು ಕೂಡಿಸಿದರು. ಮೂಳೆ ಕೂಡಿತು, ನೋವು ಹೋಗಲಿಲ್ಲ. ಮೊಣಕೈಯಿಂದ ಕಿರುಬೆರಳಿನವರೆಗೆ ಕೆಂಡದ ಗೆರೆ. ಅವರ ಕ್ಲಿನಿಕ್ಕಿಗೇ ಯಾರೋ ಬಂದು ಸೂಜಿ ಚುಚ್ಚಿ, ಕರೆಂಟು ಕೊಟ್ಟು, ಇನ್ನಷ್ಟು ಉರಿಸಿ ಹೋದದ್ದೂ ಆಯಿತು. ಕಡೆಗೆ ಡಾಕ್ಟರು ಒಂದು ಪತ್ರ ಬರೆದು ಫೈಲಿಗೆ ಸೇರಿಸಿ ಕೈತೊಳೆದುಕೊಂಡರು: ‘ಕೈ ಸರಿಯಾಗಿದೆ. ನೋವಿರುವುದು ಮನಸ್ಸಿನಲ್ಲಿ.’

ಮುಂದೆ ಯಾವ ಡಾಕ್ಟರ ಬಳಿ ಹೋದರೂ ಅವರು ತರಿಸಿ ಓದುವುದು ಆ ಪತ್ರವೊಂದನ್ನೇ. ಆರನೆಯವರು ಓದಿ ನಕ್ಕರು: “ಮದುವೆ ಮಾಡ್ಕೊಳ್ರೀ. ಇದಕ್ಕಿಂತ ದೊಡ್ಡ ನೋವು ಬಂದ್ರೆ ಇದು ಮರೆತುಹೋಗತ್ತೆ.” ಅಕ್ಕನೂ ಫೋನಿನಲ್ಲಿ, “ಡಾಕ್ಟರೇ ಏನಿಲ್ಲ ಅಂದ್ಮೇಲೆ ಇನ್ನೇನೋ ನಿಂದು?” ಎಂದಳು. ಬರಬರುತ್ತ ಅವಳ ಫೋನೂ ನಿಂತಿತು.

ಈಗ ನರಗಳನ್ನಷ್ಟೇ ನೋಡುವ ಡಾಕ್ಟರಮ್ಮ ಒಬ್ಬರು ಸಿಕ್ಕಿದ್ದರು. ಸತ್ತ ಬೆರಳುಗಳನ್ನು ಆಡಿಸಿದವರು ಎಂಬ ಹೆಸರು ಅವರಿಗೆ. ಅವರ ಕ್ಲಿನಿಕ್ಕಿನಲ್ಲಿ ಫೋನೆತ್ತಿದವಳು ಎರಡು ತಿಂಗಳಾಚೆಯ ತಾರೀಕು ಕೊಟ್ಟು, “ಹಳೇ ಫೈಲು ನೀವು ತರಬೇಡಿ. ವಾರ ಮುಂಚೆ ನಾವೇ ತರಿಸ್ಕೋತೀವಿ” ಎಂದಳು. ಮತ್ತದೇ ಪತ್ರ. ಈ ಬಾಗಿಲೂ ಮುಚ್ಚಿದರೆ ಮುಂದೆ ತಟ್ಟಲು ಬಾಗಿಲೇ ಇಲ್ಲ.

ಆದರೆ ಬಾಗಿಲು ಅವನ ಕಸುಬು.

ಮೂಳೆ ಡಾಕ್ಟರ ಕ್ಲಿನಿಕ್ಕು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ. ಹಿಂಬಾಗಿಲಿಗೆ ಐದು ಲಿವರಿನ ಬೀಗ. ಅಂಥದೇ ಒಂದನ್ನು ತನ್ನ ಬಾಗಿಲಿಗೆ ಜಡಿದು ನಲವತ್ತು ದಿನ ಎಡಗೈ ಪಳಗಿಸಿದ. ಮೊದಲ ವಾರ ತಂತಿ ಜಾರುತ್ತಿತ್ತು; ಕಡೆಗೆ ಕಣ್ಣು ಮುಚ್ಚಿ ನೂರೆಣಿಸುವಷ್ಟರಲ್ಲಿ ಬೀಗ ಬಾಯಿಬಿಟ್ಟಿತು. ಅವನ ಮೇಲೆ ಯಾರು ಅನುಮಾನಪಟ್ಟಾರು? ಲೋಟ ಎತ್ತಲಾರದ ಕೈ ಎಂದು ಬೀದಿಗೇ ಗೊತ್ತು. ಸಾವಿರಾರು ಫೈಲುಗಳಲ್ಲಿ ಒಂದು ಹೋದರೆ ಇಲಿಯ ತಲೆಗೆ ಕಟ್ಟುತ್ತಾರೆ.

ವಿದ್ಯೆ ಕಳ್ಳತನಕ್ಕಲ್ಲ ಎಂದಿದ್ದ ಅಪ್ಪ. ಆ ಮಾತು ಮುರಿಯುವುದಿತ್ತು. ಅಪ್ಪನ ಇನ್ನೊಂದು ಮಾತನ್ನಾದರೂ ಉಳಿಸಿಕೊಳ್ಳಬೇಕು: “ಬೀಗ ತೆಗೆ, ಮುಖ ತಿರುಗಿಸ್ಕೋ. ಒಳಗಿರೋದು ನಮ್ಮದಲ್ಲ ಮಗಾ.” ಎಷ್ಟೋ ತಿಜೋರಿ ತೆರೆದಿದ್ದ; ಒಂದರೊಳಗೂ ಇಣುಕಿರಲಿಲ್ಲ.

ಎಣಿಸಿದಂತೆಯೇ ನಡೆಯಿತು. ತನ್ನ ಚೀಟಿಯ ನಂಬರೇ ಫೈಲಿನ ಬೆನ್ನ ಮೇಲೂ ಇತ್ತು. ಎಳೆದ, ಕಂಕುಳಲ್ಲಿ ಅವುಚಿಕೊಂಡ, ಹೊರಗೆ ಬಂದು ಮತ್ತೆ ಬೀಗ ಹಾಕಿದ. ಹಿತ್ತಾಳೆಯ ಮೇಲೆ ಒಂದು ಗೀರಿಲ್ಲ. ಮನೆಯಲ್ಲಿ, ದಾರದ ಗಂಟನ್ನೂ ಬಿಚ್ಚದೆ, ಒಲೆಗಿಟ್ಟು ಮುಖ ತಿರುಗಿಸಿಕೊಂಡ. ಓದುವುದೇನಿದೆ, ಆ ಎರಡು ಸಾಲು ಬಾಯಿಪಾಠ. ‘ಇದೊಂದು ತಪ್ಪು ಹೊಟ್ಟೆಗೆ ಹಾಕ್ಕೋ ತಂದೆ’ ಎಂದು ಕೈಮುಗಿಯಲು ಹೋದ, ಬಲಗೈ ಏಳಲಿಲ್ಲ. ಒಂಟಿ ಕೈಯನ್ನೇ ಎದೆಗೊತ್ತಿಕೊಂಡ.

ಕೊಟ್ಟ ತಾರೀಕಿಗೆ ಹೋದಾಗ ಡಾಕ್ಟರಮ್ಮ ಒಂದೊಂದೇ ಬೆರಳನ್ನು ಮುಟ್ಟಿ ನೋಡಿದರು, ಯಂತ್ರಕ್ಕೆ ಕೂರಿಸಿದರು. “ನರ ಸಿಕ್ಕಿಕೊಂಡಿದೆ. ನಿಮ್ಮ ನೋವು ನಿಜ” ಎಂದರು. ಮೂರು ವರ್ಷದಲ್ಲಿ ಮೊದಲ ಸಲ ಕೇಳಿದ ಮಾತಿಗೆ ಅವನ ಕಣ್ಣು ತುಂಬಿ ಬಂತು.

“ಆಗ ಸೂಜಿ ಚುಚ್ಚಿ ಕರೆಂಟು ಕೊಟ್ಟಿದ್ರಲ್ಲ? ನಿಮ್ಮ ಮೂಳೆ ಡಾಕ್ಟರೇ ಫೋನಲ್ಲಿ ಹೇಳಿದ್ರು. ಆ ಗೆರೆಗಳ ಕಾಗದ ಅವರಿಗೆ ಓದಕ್ಕೆ ಬರಲಿಲ್ಲವಂತೆ, ಸುಮ್ನೆ ಫೈಲಲ್ಲಿ ಕಟ್ಟಿಟ್ಟರಂತೆ. ಇದ್ದದ್ದು ಅದೊಂದೇ ಪ್ರತಿ; ಈಗ ಫೈಲೇ ಕಾಣ್ತಿಲ್ಲ. ಅವತ್ತಿನ ಗೆರೆ, ಇವತ್ತಿನ ಗೆರೆ ಪಕ್ಕಪಕ್ಕ ಇಟ್ರೇ ಗೊತ್ತಾಗೋದು, ನರ ಸಾಯ್ತಿದೆಯೋ ಚಿಗುರ್ತಿದೆಯೋ ಅಂತ. ಚಿಗುರ್ತಿರೋದಕ್ಕೆ ಚಾಕು ಹಾಕಿದ್ರೆ ಕೈ ಪೂರ್ತಿ ಹೋಗತ್ತೆ. ಕಾದು ಇನ್ನೊಂದ್ಸಲ ಗೆರೆ ತೆಗೆಯೋಣ ಅಂದ್ರೆ, ಸಾಯ್ತಿರೋ ನರ ಅಷ್ಟರಲ್ಲಿ ಸತ್ತೇ ಹೋಗಿರತ್ತೆ.” ಅವನ ಮೂಗಿಗೆ ಸುಟ್ಟ ಕಾಗದದ ವಾಸನೆ ಅಡರಿತು. “ಹೋದ್ರೆ ಹೋಗ್ಲಿ ತಾಯಿ, ಹಾಗೇ ಆಪರೇಷನ್ ಮಾಡ್ಬಿಡಿ” ಎಂದ. ಡಾಕ್ಟರಮ್ಮ ಅವನ ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ಇಲ್ಲ. ನಾನು ಮಾಡಲ್ಲ.”