ಮಿನೆಟ್‌ಳ ಹದಿನಾರು ಹಾಳೆ

1827ರ ಅಕ್ಟೋಬರ್ 30, ಬೆಳಿಗ್ಗೆ 9.20. ಪ್ಯಾರಿಸ್ಸಿನ ಠಾಣೆಗೆ ಚಿತ್ರಕಾರ ವಾಲ್ಮೊರೆ ಟೋಪಿಯೂ ಇಲ್ಲದೆ ನುಗ್ಗಿದ. ಭಾನುವಾರದ ಪ್ರದರ್ಶನಕ್ಕೆ ಬರೆದಿಟ್ಟಿದ್ದ ಕುದುರೆ ಚಿತ್ರಗಳನ್ನು ಯಾರೋ ಕೊಯ್ದಿದ್ದರು.

ದೂರು ದಾಖಲಿಸಿಕೊಂಡ ಇನ್ಸ್‌ಪೆಕ್ಟರ್ ರೋಶ್, ಪೇದೆ ಮಿಯೋನನ್ನು ಕರೆದುಕೊಂಡು ಚಿತ್ರಶಾಲೆಗೆ ಹೋದ. ಪಂಚನಾಮೆ 10.15ಕ್ಕೆ ಶುರುವಾಯಿತು. ಬೀಗ ಮುರಿದಿರಲಿಲ್ಲ. ಹದಿನೈದು ಹಾಳೆ ಚಿಂದಿ. ಚೂರುಗಳಲ್ಲೆಲ್ಲ ನೆಲಕ್ಕೆ ಬಿದ್ದ ಕುದುರೆ. ಹದಿನಾರನೆಯದು ಇಡಿಯಾಗಿತ್ತು. ಅದರಲ್ಲಿ ಕುದುರೆ ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ಹಾರುತ್ತಿತ್ತು. ಯಾರೋ ಆ ಕಾಲುಗಳನ್ನು ಇದ್ದಿಲಿನಿಂದ ಹೊಡೆದು ಹಾಕಿ, ಹೊಟ್ಟೆಯಡಿ ಮಡಚಿ ಬರೆದಿದ್ದರು.

"ಬೀಗದ ಕೈ?" ಜೊತೆಗೆ ಬಂದಿದ್ದ ವಾಲ್ಮೊರೆಯನ್ನು ರೋಶ್ ಕೇಳಿದ.

"ಬಾಗಿಲ ಮೇಲಿಟ್ಟಿರ್ತೀನಿ. ಬಂದು ಹೋಗೋರಿಗೆಲ್ಲ ಗೊತ್ತು. ಈ ತಿದ್ದಿದ್ದು ನೋಡಿ, ಸೊಕ್ಕು! ಓಡೋ ಕುದುರೇನ ಎಲ್ಲರೂ ಚಾಚೇ ಬರೆಯೋದು!"

ರೋಶ್ ಆ ಹಾಳೆಯನ್ನು ಕುದುರೆ ಸಂತೆಗೆ ಒಯ್ದ. ಅಲ್ಲಿನ ಲಾಳಗಾರ ನೋಡಿ ನಕ್ಕ. "ಹೀಗೆ ಚಾಚಿ ಓಡಿದ್ರೆ ಹೊಟ್ಟೆ ಮೇಲೆ ಬೀಳುತ್ತೆ ಸಾಹೇಬ್ರೆ. ತಿದ್ದಿದ್ದೇ ಸರಿ."

"ಹಾಗಂತ ಹೇಳೋರು ಇನ್ಯಾರಿದ್ದಾರೆ?"

"ದೊಡ್ಡೋರ ಮುಂದೆ ನಮಗೆಲ್ಲಿ ಬಾಯಿ? ಸರ್ಕಸ್ಸಿನ ಝೆಫಿರಿನ್ ಒಬ್ಬಳು ಸುಮ್ನಿರೋಳಲ್ಲ. ತನ್ನ ಕುದುರೆ ಮಿನೆಟ್ ಹತ್ತಿ ಆ ಚಿತ್ರಕಾರನ ಹತ್ರ ಹೋಗ್ತಿದ್ಲು. ಹೋದ ವಾರ ನಡಕೊಂಡು ಬಂದ್ಲು."

ಸಂಜೆ 4.10. ಖಾಲಿ ಲಾಯದಲ್ಲಿ ಝೆಫಿರಿನ್ ಜೀನು ಒರೆಸುತ್ತಿದ್ದಳು.

"ಕೊಯ್ದದ್ದು ನೀನಾ?"

"ನಾನೇ. ಎಷ್ಟೊತ್ತಿಗೆ ಬರ್ತೀರೋ ಅಂತ ಕಾಯ್ತಿದ್ದೆ."

"ಯಾಕಮ್ಮ?"

"ಜಿಗಿತ ಸಿಕ್ತಿಲ್ಲ ಅಂತ ಅಡ್ಡಮರ ಏರಿಸ್ತಾನೇ ಹೋದ. ಬೇಡ ಅಂದೆ. ಕೇಳ್ಲಿಲ್ಲ. ಕಾಲು ಮುರೀತು. ಗುಂಡು ಹೊಡೀರೋ ಅಂತ ಕಿರುಚಿದೆ. 'ತಾಳು, ಒದ್ದಾಟ ಚೆನ್ನಾಗಿದೆ, ಭುಜ ಇನ್ನೂ ಸಿಕ್ಕಿಲ್ಲ' ಅಂದ. ಅರ್ಧ ಗಂಟೆ ಸಾಹೇಬ್ರೆ. ಹದಿನೈದು ಹಾಳೆ."

ಮಿಯೋ ಬರೆಯುವುದನ್ನು ನಿಲ್ಲಿಸಿದ.

"ಒಂದನ್ನ ಬಿಟ್ಟಿದ್ದೀಯಲ್ಲ?"

"ಅದು ಬೀಳೋಕೆ ಮುಂಚೆ ಓಡಿದ್ದು. ಕಾಲಷ್ಟೇ ಸುಳ್ಳಾಗಿತ್ತು, ತಿದ್ದಿದೆ."

ದಸ್ತಗಿರಿ 4.35ಕ್ಕೆ. ಠಾಣೆಯಲ್ಲಿ ವಾಲ್ಮೊರೆ ಮೇಜು ಕುಟ್ಟಿದ: "ಯಕಶ್ಚಿತ್ ಒಂದು ಕುದುರೆಗೋಸ್ಕರ!"

"ಹೊರಗೆ ನಡೀರಿ," ಎಂದ ರೋಶ್.

ಕಾನೂನು ಪುಸ್ತಕವನ್ನು ಎರಡು ಸಲ ತಿರುವಿದ. ಹಾಳೆ ಕೊಯ್ದದ್ದಕ್ಕೆ ಕಲಮಿತ್ತು. ಇನ್ನೊಂದಕ್ಕೆ ಇರಲಿಲ್ಲ. ವರದಿಯಲ್ಲಿ 'ಕಾರಣ' ಎಂದಿದ್ದ ಕಡೆ ಗುಮಾಸ್ತ 'ದ್ವೇಷ' ಎಂದು ಬರೆದಿಟ್ಟಿದ್ದ. ರೋಶ್ ಅದನ್ನು ಹೊಡೆದು ಹಾಕಿ, ಸಣ್ಣ ಅಕ್ಷರದಲ್ಲಿ ಬರೆದ: ಬಿದ್ದ ಕುದುರೆಯ ಪಕ್ಕ ಆಕೆಯನ್ನು ಅರ್ಧ ಗಂಟೆ ನಿಲ್ಲಿಸಿದ್ದರು.