ಹುಬ್ಬು ಗಂಟಿಕ್ಕಿದ ಸವಾರ

ಮ್ಯೂಸಿಯಂನಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ, ಮಂಗೋಲರ ಚೆಂಗೀಸ್ ಖಾನನ ಹೆಸರು ಹಿಡಿದು, ಚೆಂಗೀಸಮ್ಮ ಎನ್ನುತ್ತಿದ್ದರು. ಪ್ರದರ್ಶನದ ಗೋಡೆಗಳಿಗೆ ಅಂಟಿಸುವ ಬರಹವನ್ನೆಲ್ಲ ತಿದ್ದುವ ಕೆಲಸ ಅವಳದು. ಕೆಂಪು ಪೆನ್ನು ಹಿಡಿದು ಕೂತಳೆಂದರೆ ಯಾರ ಪ್ಯಾರಾಗೂ ಉಳಿಗಾಲವಿರಲಿಲ್ಲ. "ಹೀಗೆ ಹುಬ್ಬು ಗಂಟಿಕ್ಕಿಕೊಂಡಿದ್ರೆ ನೋಡೋಕೆ ಬಂದ ಗಂಡೂ ಓಡಿ ಹೋಗ್ತಾನೆ ಕಣೇ," ಎಂದು ಮನೆಯಲ್ಲಿ ಅಮ್ಮನೂ ಗೊಣಗುತ್ತಿದ್ದಳು.

ಆ ಅಡ್ಡಹೆಸರಿಗೆ ನಗದವನು ಒಬ್ಬನೇ, ಜೇಡಿಮಣ್ಣಿನಲ್ಲಿ ಆಳೆತ್ತರದ ಗೊಂಬೆ ಮಾಡುವ ಕಲಾವಿದ. ಹಾಗೆಂದು ಅವಳು ನಂಬಿದ್ದಳು. ಅವನ ಮೊಣಕೈಗೆ ಮೆತ್ತಿದ ಒಣಮಣ್ಣನ್ನು ಕದ್ದು ನೋಡುವುದು, ಅವನು ತಿರುಗಿದೊಡನೆ ಕಾಗದದಲ್ಲಿ ಮುಖ ಹುದುಗಿಸುವುದು, ಇವೆಲ್ಲ ಈಚೆಗೆ ಹತ್ತಿಕೊಂಡ ರೋಗ.

ನಾಳೆ ಮಂಗೋಲರ ಪ್ರದರ್ಶನ ಶುರು. ಅಂಚೆ ಸವಾರನ ಗೊಂಬೆಯ ಮೇಲಿನ ಬಟ್ಟೆ ಸರಿಸಿದವಳು ಒಂದು ಹೆಜ್ಜೆ ಹಿಂದಿಟ್ಟಳು. ಮೀಸೆಯೇನೋ ಸವಾರನದೇ. ಆದರೆ ಹುಬ್ಬುಗಳ ನಡುವಿನ ಆ ಗಂಟು, ಒಂದು ಬದಿಗೆ ಕಚ್ಚಿಕೊಂಡ ಆ ಕೆಳತುಟಿ ಅವಳವೇ.

ಮೂಲೆಯಲ್ಲಿ ಮಣ್ಣು ಕಲಸುತ್ತಿದ್ದ ಕಲಾವಿದನತ್ತ ತಿರುಗಿ, "ನೀವೂನಾ?" ಎಂದಳು.

ಅವನು ಕೈ ಒರೆಸಿಕೊಳ್ಳುತ್ತ ಬಂದ. "ಏನಾಯ್ತು ಮೇಡಂ?"

"ಬೇರೆಯವರು ಚೆಂಗೀಸಮ್ಮ ಅಂತಾರೆ, ಅನ್ಲಿ. ನೀವು ಗೊಂಬೇನೇ ಮಾಡಿ ನಿಲ್ಲಿಸಿಬಿಟ್ರಲ್ಲ. ನಾನು ಅಷ್ಟು ಕ್ರೂರಿ ಥರ ಕಾಣ್ತೀನಾ?"

ಅವನು ನಾಲಿಗೆ ಕಚ್ಚಿಕೊಂಡ. "ಇವನು ಕ್ರೂರಿ ಅಂತ ಯಾರು ಹೇಳಿದ್ದು? ಕುದುರೆ ಬದಲಿಸೋ ಮುಂದಿನ ಠಾಣೆ ಎಲ್ಲಿದೆ ಅಂತ ದೂರಕ್ಕೆ ನೋಡ್ತಿದಾನೆ. ಮೈಯೆಲ್ಲ ಕಣ್ಣಾಗಿ ನೋಡೋ ಮುಖ ನಂಗೆ ಗೊತ್ತಿರೋದು ಒಂದೇ. ನೀವು ಓದುವಾಗಿನ ಮುಖ. ಕೈ ತಾನಾಗೇ ಅದನ್ನ ಮಾಡಿಬಿಡ್ತು."

ಅವಳ ಕಿವಿ ಬಿಸಿಯಾಯಿತು. ವಾದ ಮಾಡದೆ ಬೇರೆ ದಾರಿ ತೋಚಲಿಲ್ಲ. "ಮಂಗೋಲರು ದಾರಿಗೆ ಕಾವಲಿಟ್ರು, ಅಂಚೆ ಓಡಿಸಿದ್ರು, ಎಲ್ಲಾ ಧರ್ಮದವರಿಗೂ ಜಾಗ ಕೊಟ್ರು, ಒಪ್ತೀನಿ. ಆದ್ರೆ ಊರಿಗೆ ಊರೇ ಸುಟ್ಟು ಜನರನ್ನ ಕೊಂದಿದ್ದು ಸುಳ್ಳಲ್ಲ."

"ಈ ಗೊಂಬೆ ಬಗ್ಗೆ ನಾನು ಬರೆದ ಮೂರು ಪ್ಯಾರಾ ನೀವು ಕೊಚ್ಚಿ ಹಾಕಿದ್ದೂ ಸುಳ್ಳಲ್ಲ."

ಅವಳು ತುಟಿಯವರೆಗೆ ಬಂದ ನಗುವನ್ನು ನುಂಗಿಕೊಂಡಳು.

ಅಷ್ಟರಲ್ಲಿ ಮ್ಯೂಸಿಯಂನ ಮುಖ್ಯಸ್ಥರು ಬಾಗಿಲಲ್ಲಿ ಇಣುಕಿದರು. "ಸ್ವಲ್ಪ ಹಲ್ಲು ಕಿರಿಸಿ ಕಣ್ರೀ ಇವನಿಗೆ. ನೋಡಿದವರು ಹೆದರಬೇಕು."

ಕಲಾವಿದ ಅವಳತ್ತ ನೋಡಿದ. ಮುಖ ಅವಳದು, ತೀರ್ಮಾನವೂ ಅವಳದೇ.

"ಬೇಡ ಸರ್," ಎಂದಳು. "ಹಲ್ಲು ಕಿರಿದ್ರೆ, ಯಾರೋ ರಾಕ್ಷಸರಿದ್ರು ಅಂದ್ಕೊಂಡು ಜನ ನೆಮ್ಮದಿಯಾಗಿ ಮನೆಗೆ ಹೋಗ್ತಾರೆ. ಅಂಚೆ ಹೊತ್ತಿದ್ದೂ, ಊರು ಸುಟ್ಟಿದ್ದೂ ನಮ್ಮಂಥ ಮುಖದವರೇ. ನೋಡಿದವರು ಸ್ವಲ್ಪ ಯೋಚನೆ ಮಾಡ್ಲಿ."

ಅವಳ ಕೆಂಪು ಪೆನ್ನಿನ ರುಚಿ ಕಂಡಿದ್ದ ಮುಖ್ಯಸ್ಥರು, "ಹಾಗೇ ಇರ್ಲಿ ಬಿಡಿ," ಎಂದು ಹೊರಟುಹೋದರು.

ಇಬ್ಬರೇ ಉಳಿದರು. ಅವನ ದನಿ ತಗ್ಗಿತು. "ನಂಗೆ ನೀವಂದ್ರೆ ತುಂಬಾ ಇಷ್ಟ. ನಿಮ್ಮ ಜೊತೆ ಬದುಕ್ಬೇಕು ಅಂತ ಆಸೆ. ಕೆಂಪು ಪೆನ್ನು ಸಮೇತ."

ಅವಳ ಹುಬ್ಬು ಗಂಟಿಕ್ಕಿತು. ಕೆಳತುಟಿ ಹಲ್ಲಿಗೆ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕ್ಷಮೆ ಕೇಳಿ ಕಾಲು ಕೀಳುತ್ತಿದ್ದರು. ಅವನು ಸ್ಟೂಲ್ ಎಳೆದುಕೊಂಡು ಆರಾಮಾಗಿ ಕೂತ.

"ಯಾಕೆ ಕೂತ್ರಿ?"

"ಓದ್ತಿದೀರಲ್ಲ. ಮುಗೀಲಿ ಅಂತ."

ಅವಳು ಬಗ್ಗಿ, ಅವನ ಮೊಣಕೈಯ ಒಣಮಣ್ಣನ್ನು ಮೆಲ್ಲನೆ ಉಜ್ಜಿ ತೆಗೆದಳು.

"ಮುಗೀತು," ಎಂದಳು. "ಒಂದಕ್ಷರಾನೂ ತಿದ್ದೋ ಹಾಗಿಲ್ಲ."